ಬೇಸಿಗೆ ಬೆಳಿಗ್ಗೆ ಹಳ್ಳಿಯಲ್ಲಿ ನಾಯಿ ಜೊತೆ ನಡೆಯುವಾಗ ಆತುರ ಬೇಡ

ಪ್ರಶ್ನೆ: ನಾವು ಬೆಂಗಳೂರಿನವರು. ಮಕ್ಕಳಿಗೆ ರಜೆ ಅಂತ ತಿಪಟೂರು ಹತ್ತಿರದ ನಮ್ಮ ಮಾವನವರ ಊರಿಗೆ ಬಂದಿದ್ದೇವೆ. ಈ ಸಲ ನಮ್ಮ ಲ್ಯಾಬ್ರಡಾರ್ ಜಿಮ್ಮಿಯೂ ಬಂದಿದೆ, ಅದಕ್ಕೀಗ ನಾಲ್ಕು ವರ್ಷ. ಬೆಳಿಗ್ಗೆ ಇಲ್ಲಿ ಎಷ್ಟು ಶಾಂತವಾಗಿರುತ್ತದೆ ಅಂದರೆ, ಜಿಮ್ಮಿ ಜೊತೆ ತೋಟದ ಕಡೆ ನಡೆದು ಸ್ವಲ್ಪ ಹೊತ್ತು ಸುಮ್ನೆ ಕೂತು ಬರೋಣ ಅನ್ನಿಸುತ್ತದೆ. ಆದರೆ ಅದು ನಡೆಯುವುದೇ ಇಲ್ಲ. ಹತ್ತು ಹೆಜ್ಜೆಗೊಮ್ಮೆ ನಿಂತು ಮೂಸುತ್ತದೆ, ಇಲ್ಲವೇ ಕೈ ಕಿತ್ತುಹೋಗುವಂತೆ ಎಳೆಯುತ್ತದೆ. ಏಳು ಗಂಟೆಗೆ ಹೊರಟು ಎಂಟೂವರೆಗೆ ವಾಪಸ್ ಬರುವಷ್ಟರಲ್ಲಿ ನಾಲಿಗೆ ಚಾಚಿಕೊಂಡು ಜಗಲಿ ಮೇಲೆ ಬಿದ್ದುಬಿಡುತ್ತದೆ. ಮಾವ "ಹಗ್ಗ ಬಿಚ್ಚಿ ಬಿಟ್ಟುಬಿಡಮ್ಮ, ಅದೇ ಸುತ್ತಾಡ್ಕೊಂಡು ಬರುತ್ತೆ" ಅಂತಾರೆ. ಬಿಡಬಹುದಾ ಡಾಕ್ಟ್ರೇ? ಎಷ್ಟು ಹೊತ್ತಿಗೆ, ಎಷ್ಟು ದೂರ ಕರೆದುಕೊಂಡು ಹೋಗಬೇಕು? ಇಷ್ಟು ನಿಶ್ಶಬ್ದವಾದ ಜಾಗದಲ್ಲೂ ಅದಕ್ಕೆ ಯಾಕೆ ಸಮಾಧಾನವಿಲ್ಲ?

ಉತ್ತರ:

ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಉಳಿದದ್ದಕ್ಕೆಲ್ಲ ಉತ್ತರದ ದಾರಿ ಅಲ್ಲೇ ಇದೆ.

ಆ ಬೆಳಗಿನ ಜಾವ ನಿಶ್ಶಬ್ದವಾಗಿರುವುದು ನಿಮಗೆ ಮಾತ್ರ. ಮನುಷ್ಯರ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಜ್‌ವರೆಗಿನ ಸದ್ದು ಕೇಳಿಸುತ್ತದೆ. ನಾಯಿಗೆ ಸುಮಾರು 45,000ದವರೆಗೂ ಕೇಳಿಸುತ್ತದೆ. ಬದುವಿನ ಬಿಲದಲ್ಲಿ ಇಲಿ ಮರಿಗಳು ಕಿಚಗುಟ್ಟುವುದು ನಿಮಗೆ ಗೊತ್ತೇ ಆಗುವುದಿಲ್ಲ, ಜಿಮ್ಮಿ ಅದನ್ನೇ ಕೇಳಿ ಕಿವಿ ನಿಮಿರಿಸಿರುತ್ತದೆ. ಇನ್ನು ಮೂಗಿನ ವಿಚಾರಕ್ಕೆ ಬಂದರೆ ಹೋಲಿಕೆಯೇ ಇಲ್ಲ. ವಾಸನೆ ಹಿಡಿಯುವ ಕೋಶಗಳು ನಮ್ಮ ಮೂಗಿನಲ್ಲಿ 50-60 ಲಕ್ಷ ಇದ್ದರೆ ಲ್ಯಾಬ್ರಡಾರ್‌ನಂಥ ನಾಯಿಯಲ್ಲಿ 20 ಕೋಟಿಗೂ ಮೇಲೆ. ಬೆಂಗಳೂರಿನಲ್ಲಿ ಅದಕ್ಕೆ ದಿನಾ ಅದೇ ಬೀದಿ, ಅದೇ ನಾಲ್ಕು ನಾಯಿ, ಅದೇ ಕಸದ ಮೂಲೆ. ಇಲ್ಲಿ ರಾತ್ರಿಯಿಡೀ ತೋಟದಲ್ಲಿ ಮುಂಗುಸಿ ಓಡಾಡಿದೆ, ಹಂದಿ ಮಣ್ಣು ಕೆದಕಿದೆ, ಮೊಲ ಬದು ದಾಟಿದೆ, ಪಕ್ಕದ ಮನೆ ನಾಯಿ ಕಂಬಕ್ಕೊಂದು ಗುರುತು ಬಿಟ್ಟು ಹೋಗಿದೆ. ಇಷ್ಟೆಲ್ಲ ಎದುರಿಗಿರುವಾಗ ನೀವು "ಬಾ, ಬಾ" ಅಂತ ಎಳೆದರೆ ಹೇಗೆ? ಮಗುವನ್ನು ಸಂತೆಗೆ ಕರೆದುಕೊಂಡು ಹೋಗಿ ಯಾವ ಅಂಗಡಿ ಮುಂದೆಯೂ ನಿಲ್ಲಬೇಡ ಅಂದ ಹಾಗೆ.

ಅದೂ ಬೆಳಗಿನ ಹೊತ್ತು. ಆಗ ನೆಲದ ಹತ್ತಿರದ ಗಾಳಿ ತಣ್ಣಗೆ, ಸ್ವಲ್ಪ ತೇವವಾಗಿ, ಅಲುಗಾಡದೆ ಇರುತ್ತದೆ. ರಾತ್ರಿಯ ವಾಸನೆ ಹುಲ್ಲಿನ ಮಟ್ಟದಲ್ಲೇ ಕೂತಿರುತ್ತದೆ. ಬಿಸಿಲು ಏರಿ ನೆಲ ಕಾದ ಮೇಲೆ ಗಾಳಿ ಮೇಲೇಳುತ್ತದೆ, ವಾಸನೆಯೂ ಚದುರುತ್ತದೆ. ಜಿಮ್ಮಿ ಹತ್ತು ಹೆಜ್ಜೆಗೊಮ್ಮೆ ನಿಲ್ಲುವುದು ಸೋಮಾರಿತನದಿಂದಲ್ಲ. ಅದಕ್ಕೆ ವಾಕಿಂಗ್ ಅಂದರೇನೇ ಅದು. ಅರ್ಧ ಗಂಟೆ ಮನಸ್ಸಿಟ್ಟು ಮೂಸಿದ ನಾಯಿ, ಒಂದು ಗಂಟೆ ಬಿರಬಿರನೆ ನಡೆದ ನಾಯಿಗಿಂತ ಚೆನ್ನಾಗಿ ಮಲಗುತ್ತದೆ. ನಾನು ನೋಡಿದ ಪೇಟೆ ನಾಯಿಗಳಲ್ಲಿ ಮುಕ್ಕಾಲು ಪಾಲಿಗೆ ಕಾಲಿನ ವ್ಯಾಯಾಮಕ್ಕಿಂತ ಮೂಗಿನ ವ್ಯಾಯಾಮವೇ ಕಡಿಮೆಯಾಗಿರುತ್ತದೆ.

ಈಗ ಅದು ಜಗಲಿ ಮೇಲೆ ಬೀಳುವ ವಿಷಯ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದ ಅಡಿಯಲ್ಲಿ ಒಂಚೂರು ಬೆವರುತ್ತದೆ, ಅದರಿಂದ ಮೈ ತಂಪಾಗುವುದು ಅಷ್ಟಕ್ಕಷ್ಟೆ. ಬಾಯಿ ತೆರೆದು ತೇಕುತ್ತಾ ನಾಲಿಗೆ, ಬಾಯಿ, ಮೂಗಿನ ತೇವವನ್ನು ಆರಿಸಿಕೊಂಡೇ ಅದು ತಂಪಾಗಬೇಕು. ನಾಯಿಯ ಮಾಮೂಲಿ ಮೈಶಾಖವೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಹೊರಗಿನ ಸೆಕೆಗೆ ಅದು 105 ದಾಟಿತು ಅಂದರೆ ಅಪಾಯ. 106ರ ಮೇಲೆ ಹೋದರೆ ಕರುಳು, ಮೂತ್ರಪಿಂಡ, ಮೆದುಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ. ಲ್ಯಾಬ್ರಡಾರ್‌ಗೆ ಎರಡು ಪದರದ ಕೂದಲು, ಜೊತೆಗೆ ಯಾವಾಗಲೂ ಒಂದಿಷ್ಟು ಬೊಜ್ಜು. ಅದರ ಮೇಲೆ, ಸಾಕಾಯಿತು ಅಂತ ತಾನಾಗಿ ನಿಲ್ಲುವ ಬುದ್ಧಿಯೂ ಆ ತಳಿಗೆ ಕಡಿಮೆ. ನಿಮ್ಮನ್ನು ಮೆಚ್ಚಿಸಲು ಬೀಳುವವರೆಗೂ ಬರುತ್ತದೆ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಾದರೆ ಇನ್ನೂ ಕಷ್ಟ. ಕರಾವಳಿಯವರು ಇದಕ್ಕಿಂತ ಹುಷಾರಾಗಿರಬೇಕು. ಅಲ್ಲಿ ಗಾಳಿಯಲ್ಲೇ ನೀರಿನಂಶ ತುಂಬಿರುವುದರಿಂದ, ತೇಕಿದರೂ ನಾಲಿಗೆ ಬೇಗ ಆರುವುದಿಲ್ಲ.

ಮೂಗಿಗೂ ಸೆಕೆಗೂ ಒಂದು ನಂಟಿದೆ. ಜೋರಾಗಿ ತೇಕುತ್ತಿರುವ ನಾಯಿ ಅದೇ ಹೊತ್ತಿಗೆ ಚೆನ್ನಾಗಿ ಮೂಸಲಾರದು. ಮೂಸುವುದಕ್ಕೆ ಮೂಗಿನಿಂದ ಪಟಪಟನೆ ಸಣ್ಣ ಸಣ್ಣ ಉಸಿರು ಎಳೆಯಬೇಕು. ತೇಕುವಾಗ ಅದಕ್ಕೆ ಪುರುಸೊತ್ತಿರುವುದಿಲ್ಲ. ಹಾಗಾಗಿ ಗಡಿಯಾರ, ಥರ್ಮಾಮೀಟರ್ ಎಲ್ಲ ಬದಿಗಿಟ್ಟು ಜಿಮ್ಮಿಯ ಮೂಗನ್ನು ನೋಡಿ. ಬಾಯಿ ಮುಚ್ಚಿ, ಮೂತಿ ನೆಲಕ್ಕಿಟ್ಟು ಮೂಸುತ್ತಿದೆಯೋ, ಎಲ್ಲ ಸರಿಯಿದೆ. ತಲೆ ಎತ್ತಿ, ಬಾಯಿ ಅಗಲಿಸಿ, ನಾಲಿಗೆ ತುದಿ ಚಪ್ಪಟೆಯಾಗಿ ಜೋತುಬಿದ್ದು, ಹುಲ್ಲಿನ ಕಡೆ ನೋಡದೆ ನೆರಳಿಂದ ನೆರಳಿಗೆ ಹೋಗುತ್ತಿದೆಯೋ, ಅವತ್ತಿನ ವಾಕಿಂಗ್ ಮುಗಿಯಿತು. ಎಷ್ಟು ದೂರ ಹೋಗಬೇಕು ಅಂತ ಕೇಳಿದ್ದಿರಿ, ಅಲ್ವಾ? ಆ ಹೊತ್ತು ಬರುವುದಕ್ಕೆ ಮುಂಚೆಯೇ ಮನೆ ಸೇರುವಷ್ಟು ದೂರ. ಕಿಲೋಮೀಟರ್ ಲೆಕ್ಕ ಬೇಡ.

ಏಳು ಗಂಟೆಗೆ ಹೊರಡುವುದು ತಡವಾಯಿತು. ನಿಮ್ಮ ಕಡೆ ಏಪ್ರಿಲ್-ಮೇನಲ್ಲಿ ಸೂರ್ಯ ಹುಟ್ಟುವುದು ಹೆಚ್ಚೂಕಡಿಮೆ ಆರು ಗಂಟೆಗೆ. ಇಡೀ ದಿನದಲ್ಲಿ ನೆಲ, ಗಾಳಿ ಎರಡೂ ತೀರಾ ತಣ್ಣಗಿರುವುದು ಆ ಹೊತ್ತಿನಲ್ಲೇ. ಬೆಳಕು ಹರಿದು ದಾರಿ ಸ್ಪಷ್ಟವಾಗಿ ಕಾಣುವಾಗ ಹೊರಡಿ, ಏಳಕ್ಕೆ ಮನೆಯಲ್ಲಿರಿ. ಮೊದಲ ವಾರ ಇಪ್ಪತ್ತು-ಇಪ್ಪತ್ತೈದು ನಿಮಿಷ ಸಾಕು. ಫ್ಯಾನ್ ಕೆಳಗೆ ಬೆಳೆದ ನಾಯಿ, ಮೈ ಈ ಬಿಸಿಲಿಗೆ ಒಗ್ಗಲು ಟೈಮ್ ಬೇಕು. ಆಮೇಲೆ ಮುಕ್ಕಾಲು ಗಂಟೆವರೆಗೂ ಹೋಗಬಹುದು. ಬೆಳಿಗ್ಗೆ ಏಳಲು ಬೇಜಾರು, ಸಂಜೆ ಹೋಗೋಣ ಅಂದುಕೊಂಡರೆ ಒಂದು ಮಾತು. ಸಂಜೆ ಆರಕ್ಕೆ ಗಾಳಿ ಹಿತ ಅನ್ನಿಸಿದರೂ ಟಾರ್ ರಸ್ತೆ, ಬಂಡೆ, ಸಿಮೆಂಟ್ ಕಣ ಹಗಲಿನ ಕಾವನ್ನು ಹಿಡಿದಿಟ್ಟುಕೊಂಡಿರುತ್ತವೆ. ನಾವು ಚಪ್ಪಲಿ ಹಾಕಿರುತ್ತೇವೆ, ಅದು ಹಾಕಿರುವುದಿಲ್ಲ. ಅಂಗೈಯ ಹಿಂಬದಿಯನ್ನು ನೆಲಕ್ಕೆ ಒತ್ತಿ ಐದಾರು ಸೆಕೆಂಡ್ ಇಟ್ಟುಕೊಳ್ಳಲು ಆಗದಿದ್ದರೆ ಅಲ್ಲಿ ನಾಯಿ ನಡೆಸಬೇಡಿ.

ಒಂದು ವೇಳೆ ಬಿಸಿಲು ಹೊಡೆದೇಬಿಟ್ಟರೆ? ನಿಲ್ಲದ ತೇಕು, ದಪ್ಪ ಅಂಟು ಜೊಲ್ಲು, ಒಸಡು ಕೆಂಪಗಾಗುವುದು, ಕಾಲು ತಡವರಿಸುವುದು, ವಾಂತಿ, ಇವು ಲಕ್ಷಣಗಳು. ಕೂಡಲೇ ನೆರಳಿಗೆ ತನ್ನಿ. ಮೋಟರ್ ಹಾಕಿಸಿ ಪೈಪಿನ ನೀರನ್ನೇ ಹೊಟ್ಟೆ, ತೊಡೆಸಂದು, ಎದೆ, ಕುತ್ತಿಗೆಗೆ ಧಾರಾಳವಾಗಿ ಬಿಡಿ. ಯಾರಾದರೂ ಮೊರದಲ್ಲೋ ಟವೆಲ್ಲಿನಲ್ಲೋ ಗಾಳಿ ಬೀಸಲಿ. ಒದ್ದೆ ಗೋಣಿಚೀಲ ಹೊದಿಸಿ ಬಿಡುವುದು ಹಳ್ಳಿಯಲ್ಲಿ ರೂಢಿ. ಅದು ಸ್ವಲ್ಪ ಹೊತ್ತಿಗೇ ಬಿಸಿಯಾಗಿ ಒಳಗಿನ ಕಾವನ್ನು ಹೊರಗೆ ಬಿಡುವುದಿಲ್ಲ, ಹೊದಿಸಬೇಡಿ. ಎಚ್ಚರವಿದ್ದು ತಾನಾಗಿ ಕುಡಿದರೆ ನೀರು ಕೊಡಿ, ಬಾಯಿಗೆ ಸುರಿಯಬೇಡಿ. ಮೊದಲು ಮೈ ತಣಿಸಿ, ಆಮೇಲೆ ಆಸ್ಪತ್ರೆಗೆ ಹೊರಡಿ. ಎದ್ದು ಓಡಾಡಿದರೂ ಡಾಕ್ಟರಿಗೆ ತೋರಿಸಲೇಬೇಕು. ಒಳಗಿನ ಪೆಟ್ಟು ಮಾರನೇ ದಿನವೂ ಕಾಣಿಸಿಕೊಳ್ಳಬಹುದು.

ಇನ್ನು ನಿಮ್ಮ ಮಾವನವರ ಮಾತು. ಅವರು ಹೇಳಿದ್ದು ತಪ್ಪೇನಲ್ಲ, ಅವರು ಕಂಡ ನಾಯಿಗಳ ಮಟ್ಟಿಗೆ. ಊರಲ್ಲೇ ಹುಟ್ಟಿ ಬೆಳೆದ ನಾಯಿಗೆ ಯಾವ ತೋಟದಲ್ಲಿ ಏನಿದೆ, ಯಾವ ನಾಯಿಯ ಗಡಿ ಎಲ್ಲಿ, ಯಾರು ಕಲ್ಲು ಎತ್ತುತ್ತಾರೆ ಎಲ್ಲ ಗೊತ್ತು. ಗೊತ್ತಿಲ್ಲದವು ಎಷ್ಟೋ ಮರಿಯಲ್ಲೇ ಸತ್ತಿರುತ್ತವೆ, ಅದನ್ನು ಯಾರೂ ಲೆಕ್ಕ ಇಡುವುದಿಲ್ಲ. ಜಿಮ್ಮಿ ನೆಂಟರ ಮನೆಗೆ ಬಂದ ನಾಯಿ. ಬಿಡಬೇಡಿ.

ನನಗೆ ದೊಡ್ಡ ಭಯ ಕೃಷಿ ಹೊಂಡದ್ದು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಬಯಲುಸೀಮೆ ತುಂಬಾ ಹೊಂಡಗಳಾಗಿವೆ. ಒಳ್ಳೆಯದೇ. ಆದರೆ ನೀರು ಇಂಗದಿರಲಿ ಅಂತ ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಲ್ಯಾಬ್ರಡಾರ್‌ಗೆ ನೀರು ಕಂಡರೆ ಆಯಿತು, ಧುಮುಕುತ್ತದೆ. ಹತ್ತಲು ಹೋದರೆ ಪಾಚಿ ಕಟ್ಟಿದ ಹಾಳೆಯ ಮೇಲೆ ಉಗುರು ನಿಲ್ಲುವುದಿಲ್ಲ. ಎಷ್ಟೇ ಈಜು ಬಂದರೂ ಸುಸ್ತಾಗಿ ಮುಳುಗುತ್ತದೆ. ಅದನ್ನು ಉಳಿಸಲು ಇಳಿದ ಮನುಷ್ಯರಿಗೂ ಮೇಲೆ ಬರಲು ಆಗುವುದಿಲ್ಲ, ಇದನ್ನು ಮಕ್ಕಳಿಗೆ ಬಿಡಿಸಿ ಹೇಳಿ. ಸುತ್ತ ಬೇಲಿ ಇಲ್ಲದ ಹೊಂಡದ ದಾರಿಗೇ ಹೋಗಬೇಡಿ.

ಎರಡನೆಯದು ಹಿಂಡಿ. ತೆಂಗಿನ ಬುಡಕ್ಕೆ ಬೇವಿನ ಹಿಂಡಿ, ಹೊಂಗೆ ಹಿಂಡಿ ಹಾಕುವ ಹಾಗೆ ಹರಳು ಹಿಂಡಿಯನ್ನೂ ಹಾಕುತ್ತಾರೆ. ಹರಳು ಬೀಜದಿಂದ ಎಣ್ಣೆ ತೆಗೆದ ಮೇಲೂ ಅದರ ರೈಸಿನ್ ಎಂಬ ವಿಷ ಹಿಂಡಿಯಲ್ಲೇ ಉಳಿದಿರಬಹುದು. ನಾಯಿಗಳಿಗೆ ಆ ವಾಸನೆ ಬಹಳ ಇಷ್ಟ, ಬುಡ ಕೆದಕಿ ತಿನ್ನುತ್ತವೆ. ತಿಂದ ಕೆಲವು ಗಂಟೆಗಳಿಗೆ, ಕೆಲವೊಮ್ಮೆ ಮಾರನೇ ದಿನ ವಾಂತಿ, ರಕ್ತಭೇದಿ ಶುರುವಾಗುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ, ಡ್ರಿಪ್ ಹಾಕಿ ಲಕ್ಷಣಕ್ಕೆ ತಕ್ಕ ಹಾಗೆ ನೋಡಿಕೊಳ್ಳಬೇಕಷ್ಟೆ. ಮೊದಲ ಮಳೆ ಬಿದ್ದಾಗಲೇ ಗೊಬ್ಬರ ಹಾಕುವುದು ಜಾಸ್ತಿ. ಈಗಲೇ ಮಾವನವರನ್ನೂ ಪಕ್ಕದ ತೋಟದವರನ್ನೂ ಕೇಳಿಟ್ಟುಕೊಳ್ಳಿ. ಕೊಬ್ಬರಿ ಊರಾದ್ದರಿಂದ ಅಟ್ಟದಿಂದ ಬಿದ್ದ ಕೊಬ್ಬರಿ ಚೂರೂ ಅದರ ಬಾಯಿಗೆ ಹೋಗುತ್ತದೆ, ಗ್ಯಾರಂಟಿ. ಅದು ವಿಷವಲ್ಲ, ಜಾಸ್ತಿಯಾದರೆ ಜಿಡ್ಡಿಗೆ ಹೊಟ್ಟೆ ಕೆಡುತ್ತದೆ. ಅದಕ್ಕಿಂತ ಮಾವಿನ ಓಟೆಯ ಮೇಲೆ ಕಣ್ಣಿಡಿ. ಇಡೀ ಓಟೆ ನುಂಗಿ ಕರುಳಿಗೆ ಸಿಕ್ಕಿಹಾಕಿಕೊಂಡರೆ ಆಪರೇಷನ್ನೇ ಗತಿ.

ಕಾಡುಹಂದಿಗೆ ಅಂತ ಹೊಲದಂಚಿನಲ್ಲಿ ಕೆಲವರು ಉರುಲು ಒಡ್ಡುತ್ತಾರೆ, ಸಿಡಿಮದ್ದಿನ ಉಂಡೆ ಇಡುತ್ತಾರೆ. ಕಾನೂನಿಗೆ ವಿರುದ್ಧ, ಆದರೂ ನಡೆಯುತ್ತದೆ. ಉಂಡೆಯನ್ನು ಮೊದಲು ಕಚ್ಚುವುದು ಎಷ್ಟೋ ಸಲ ನಾಯಿಯೋ ಹಸುವೋ. ಚಿರತೆಯೂ ತುಮಕೂರು ಜಿಲ್ಲೆಗೆ ಹೊಸದಲ್ಲ. ಕಲ್ಲುಗುಡ್ಡ, ಕುರುಚಲು ಇರುವ ಕಡೆ ಊರ ಪಕ್ಕದಲ್ಲೇ ಇರುತ್ತದೆ, ನಾಯಿ ಅದಕ್ಕೆ ಸುಲಭದ ಬೇಟೆ. ಬೆಳಕು ಹರಿದ ಮೇಲೆ ಹೊರಡಿ ಅಂದದ್ದು ಇದಕ್ಕೂ ಸೇರಿಸಿ. ಐದು ಗಂಟೆ ಕತ್ತಲಲ್ಲಿ ಟಾರ್ಚ್ ಹಿಡಿದು ಹೋಗುವ ಉತ್ಸಾಹ ಬೇಡ.

ಊರ ನಾಯಿಗಳ ಜೊತೆ ಜಗಳ ಬೇಡ ಅಂದರೆ ಹಾಲಿನ ಡೈರಿ ದಾರಿ ಬಿಡಿ. ಬೆಳಿಗ್ಗೆ ಕ್ಯಾನ್ ತುಳುಕುವ ಆ ಹೊತ್ತಿಗೆ ಊರಿನ ನಾಯಿಗಳ ಸಭೆ ಅಲ್ಲೇ. ಇನ್ನೊಂದು, ಬೇಸಿಗೆಯಲ್ಲಿ ಗೊಬ್ಬರಕ್ಕೆ ಅಂತ ಖಾಲಿ ಹೊಲದಲ್ಲಿ ರಾತ್ರಿ ಕುರಿಮಂದೆ ತರುಬಿಸುತ್ತಾರೆ. ಆ ಮಂದೆಯ ನಾಯಿಗಳು ತಮಾಷೆಗೆ ಸಿಗುವಂಥವಲ್ಲ. ದೂರದಿಂದಲೇ ಕುರಿಗಾಹಿಯನ್ನು ಕೂಗಿ ಮಾತಾಡಿಸಿ, ಅವರು ಯಾವ ಕಡೆಯಿಂದ ಹೋಗು ಅನ್ನುತ್ತಾರೋ ಆ ಕಡೆಯಿಂದ ಹೋಗಿ.

ಜಿಮ್ಮಿಯಿಂದ ಬೇರೆಯವರಿಗೆ ಆಗುವ ತೊಂದರೆಯೂ ಇದೆ. ಟಿಟ್ಟಿಭ ಹಕ್ಕಿ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಬರಿ ನೆಲದ ಮೇಲೇ ಮೊಟ್ಟೆ ಇಡುತ್ತದೆ, ಸಾಮಾನ್ಯವಾಗಿ ನಾಲ್ಕು. ಕಲ್ಲಿನ ಬಣ್ಣದಲ್ಲೇ ಇರುವುದರಿಂದ ನಮಗೆ ಕಾಣುವುದಿಲ್ಲ, ನಾಯಿ ಮೂಗಿಗೆ ತಪ್ಪುವುದಿಲ್ಲ. ತಲೆ ಮೇಲೆ ಕಿರುಚಿಕೊಂಡು ಸುತ್ತುವ ಹಕ್ಕಿ ಕಂಡರೆ ಬಂದ ದಾರಿಯಲ್ಲೇ ಹಿಂದಕ್ಕೆ ಬನ್ನಿ. ಮೊಲದ ಹಿಂದೆ ನಾಯಿ ಬಿಡುವುದನ್ನು ಆಟ ಅಂದುಕೊಳ್ಳುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಣ್ಣಿಗೆ ಅದು ಬೇಟೆಯೇ.

ಹಾಗಾದರೆ ಹೇಗೆ ಹೋಗಬೇಕು? ಗಿಡ್ಡ ಚೈನು ಬಿಟ್ಟು ಹದಿನೈದು ಅಡಿ ಉದ್ದದ ಹತ್ತಿ ಹಗ್ಗ ತೆಗೆದುಕೊಳ್ಳಿ. ದನಕ್ಕೆ ಕಟ್ಟುವ ಹಗ್ಗದ ಅಂಗಡಿಯಲ್ಲೇ ಸಿಗುತ್ತದೆ. ನೈಲಾನ್ ಬೇಡ, ಎಳೆದರೆ ಕೈ ಕೊಯ್ಯುತ್ತದೆ. ಕುತ್ತಿಗೆ ಪಟ್ಟಿಗೆ ಕಟ್ಟಬೇಡಿ, ಎದೆಗೆ ಹಾಕುವ ಹಾರ್ನೆಸ್‌ಗೆ ಕಟ್ಟಿ. ತೇಕುವ ನಾಯಿಯ ಗಂಟಲನ್ನು ಪಟ್ಟಿ ಒತ್ತಿದರೆ ತಂಪಾಗುವ ದಾರಿಯನ್ನೇ ಮುಚ್ಚಿದ ಹಾಗೆ. ಗೇಟು ದಾಟುತ್ತಲೇ ಹಗ್ಗ ಸಡಿಲ ಬಿಡಿ. ಅದು ನಿಂತಲ್ಲಿ ನಿಲ್ಲಿ, ಮೂಸಿ ಮುಗಿದ ಮೇಲೆ ಮುಂದೆ ಹೋಗಿ. ಎಳೆದರೆ ಮರದ ಹಾಗೆ ನಿಂತುಬಿಡಿ, ಹಗ್ಗ ಸಡಿಲವಾದಾಗ ಮಾತ್ರ ಹೆಜ್ಜೆ ಇಡಿ. ಎಳೆದರೆ ದಾರಿ ಸಾಗುವುದಿಲ್ಲ ಅನ್ನುವುದು ಅದಕ್ಕೆ ಕೆಲವೇ ದಿನಗಳಲ್ಲಿ ಅರ್ಥವಾಗುತ್ತದೆ.

ನೀವು ಸುಮ್ನೆ ಕೂರಬೇಕು ಅಂದಿರಲ್ಲ, ಅದನ್ನು ಇಪ್ಪತ್ತು ನಿಮಿಷ ಮೂಸಿದ ಮೇಲೆ ಮಾಡಿ, ಮೊದಲಲ್ಲ. ಪಂಪ್‌ಹೌಸ್ ಕಟ್ಟೆಯೋ ಬಂಡೆಯೋ ಒಂದೇ ಜಾಗ ಗೊತ್ತು ಮಾಡಿಕೊಳ್ಳಿ. ಕೂರುವ ಮುಂಚೆ ಕೋಲಿನಿಂದ ಸುತ್ತ ತಟ್ಟಿ ನೋಡಿ. ತೆಂಗಿನ ಗರಿ, ಮಟ್ಟೆ ರಾಶಿಯ ಪಕ್ಕ ಮಾತ್ರ ಕೂರಬೇಡಿ. ಕೊಳಕುಮಂಡಲಕ್ಕೆ ಅಂಥ ಜಾಗ ಇಷ್ಟ, ಒಣ ಎಲೆಯ ನಡುವೆ ಇದ್ದರೆ ಕಾಣುವುದೇ ಇಲ್ಲ. ನಾಯಿಗೆ ಹಾವು ಕಚ್ಚುವುದು ಹೆಚ್ಚಾಗಿ ಮೂತಿಗೋ ಮುಂಗಾಲಿಗೋ. ಕಚ್ಚಿದರೆ ಕಟ್ಟು ಕಟ್ಟಬೇಡಿ, ಕೊಯ್ಯಬೇಡಿ, ಓಡಿಸಬೇಡಿ. ಎತ್ತಿಕೊಂಡು ಸೀದಾ ಆಸ್ಪತ್ರೆಗೆ ಹೋಗಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ ಪ್ರತಿವಿಷ, ಹಾವು ಹಿಡಿದು ತರುವ ಸಾಹಸ ಬೇಕಿಲ್ಲ. ಅದು ಎಲ್ಲ ಕಡೆ ಸ್ಟಾಕ್ ಇರುವುದಿಲ್ಲ. ತಾಲ್ಲೂಕು ಪಶು ಆಸ್ಪತ್ರೆಗೆ ಇವತ್ತೇ ಫೋನ್ ಮಾಡಿ ಎಲ್ಲಿ ಸಿಗುತ್ತದೆ ಅಂತ ತಿಳಿದುಕೊಳ್ಳಿ.

ಕೂತ ಮೇಲೆ ಅದನ್ನು ಕರೆಯಬೇಡಿ, ಸವರಬೇಡಿ, ಬಿಸ್ಕೆಟ್ ಕೊಡಬೇಡಿ, ಮೊಬೈಲ್ ಹೊರಗೆ ತೆಗೆಯಬೇಡಿ. ಮೊದಲ ಎರಡು ದಿನ ಗಲಾಟೆ ಮಾಡೀತು. ಹಗ್ಗ ಎಷ್ಟು ದೂರ ಬಿಡುತ್ತದೋ ಅಷ್ಟು ದೂರ ಸುತ್ತಿ, ಮೂಸುವುದು ಮುಗಿದು, ಇನ್ನೇನೂ ಇಲ್ಲ ಅನ್ನಿಸಿದಾಗ ತಾನಾಗಿ ಬಂದು ಪಕ್ಕದಲ್ಲಿ ಕೂರುತ್ತದೆ. ನೀವು ಹುಡುಕುತ್ತಿದ್ದ ಸಮಾಧಾನ ಅದೇ. ಅದನ್ನು ಹೇಳಿ ಕೂರಿಸಲು ಆಗುವುದಿಲ್ಲ. ಆಗ ಕೌಜುಗ ಕೂಗುವುದು, ದೂರದ ನವಿಲು, ಯಾರದೋ ಬೋರ್‌ವೆಲ್ ಶುರುವಾದದ್ದು ನಿಮಗೂ ಬೇರೆ ಬೇರೆಯಾಗಿ ಕೇಳತೊಡಗುತ್ತದೆ.

ಮನೆಗೆ ಬಂದ ಕೂಡಲೇ ತಿಂಡಿ ಹಾಕಬೇಡಿ. ನೀರು ಕೊಟ್ಟು, ತೇಕು ಪೂರ್ತಿ ನಿಂತು ಅರ್ಧ ಗಂಟೆಯಾದರೂ ಕಳೆಯಲಿ. ಆ ಹೊತ್ತಿನಲ್ಲಿ ಅದರ ಮೈ ನೋಡಿ. ಪಾದದ ಸಂದಿಯಲ್ಲಿ ನೆಗ್ಗಿಲು ಮುಳ್ಳು, ಕಿವಿಯಲ್ಲಿ ಒಣಹುಲ್ಲಿನ ಊಬು ಇದೆಯಾ ನೋಡಿ. ಊಬು ಒಳಗೆ ಹೋದರೆ ಹಿಂದಕ್ಕೆ ಬರುವುದಿಲ್ಲ, ಮುಂದಕ್ಕೇ ತೂರುತ್ತದೆ. ನಾಯಿ ಒಂದೇ ಸಮ ತಲೆ ಕೊಡವಿದರೆ ಡಾಕ್ಟರಿಗೆ ತೋರಿಸಿ.

ಆಮೇಲೆ ಉಣ್ಣೆ. ಕಿವಿಯ ಒಳಮಡಿಕೆ, ಕಂಕುಳು, ಬೆರಳಸಂದು, ಬಾಲದ ಬುಡ, ಈ ಜಾಗಗಳನ್ನು ದಿನಾ ಬೆರಳಾಡಿಸಿ ನೋಡಿ. ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಉಗುರಿನಲ್ಲಿ ಹಿಸುಕಬೇಡಿ. ಸೀಮೆಎಣ್ಣೆ ಬೇಡ. ದನಕ್ಕೆ ತಂದಿಟ್ಟ ಉಣ್ಣೆ ಔಷಧಿಯನ್ನು ಅಂದಾಜಿನಲ್ಲಿ ನೀರಿಗೆ ಬೆರೆಸಿ ನಾಯಿಗೆ ಹಚ್ಚುವುದಂತೂ ಬೇಡವೇ ಬೇಡ. ವಿಷವೇರಿ ನಡುಗುತ್ತಾ ಬರುವ ನಾಯಿಗಳನ್ನು ಪ್ರತಿ ಬೇಸಿಗೆ ನೋಡುತ್ತೇನೆ. ಮಲೆನಾಡಿನ ಕಡೆ ನಾಯಿ ಕರೆದುಕೊಂಡು ಹೋಗುವವರು ಕಾಡಿನ ಒಣಎಲೆ ದಾರಿಯನ್ನೇ ಬಿಡುವುದು ಒಳ್ಳೆಯದು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಮನುಷ್ಯರಿಗೆ ಹರಡುವುದು ಕಾಡಿನ ಉಣ್ಣೆಯಿಂದ, ಅದರ ಕಾಟ ಬೇಸಿಗೆವರೆಗೂ ಇರುತ್ತದೆ.

ರೇಬೀಸ್ ಲಸಿಕೆ ಹಾಕಿಸಿ ವರ್ಷ ದಾಟಿದ್ದರೆ ವಾಕಿಂಗ್ ಬದಿಗಿಟ್ಟು ಮೊದಲು ಅದನ್ನು ಹಾಕಿಸಿ. ಬೆಂಗಳೂರಿಗೆ ವಾಪಸ್ ಹೋದ ಮೇಲೂ ಮೂರು ವಾರ ಜಿಮ್ಮಿ ಮೇಲೆ ಕಣ್ಣಿರಲಿ. ಉಣ್ಣೆಯಿಂದ ಬರುವ ಎರ್ಲಿಕಿಯಾ ಜ್ವರ ಕಚ್ಚಿದ ಒಂದರಿಂದ ಮೂರು ವಾರದೊಳಗೆ ಕಾಣಿಸಿಕೊಳ್ಳುತ್ತದೆ. ಊಟ ಬಿಡುವುದು, ಜ್ವರ, ಒಸಡು ಬಿಳಿಚುವುದು, ಮೂಗಿನಲ್ಲಿ ರಕ್ತ, ಇವುಗಳಲ್ಲಿ ಯಾವುದೇ ಕಂಡರೂ ರಕ್ತಪರೀಕ್ಷೆ ಮಾಡಿಸಿ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಅದು ಉಣ್ಣೆಯಿಂದಲೇ ಬರುವ ಇನ್ನೊಂದು ಕಾಯಿಲೆ, ಬೆಬೀಸಿಯಾ ಇರಬಹುದು, ಅವತ್ತೇ ಕರೆದುಕೊಂಡು ಹೋಗಿ. "ಬೇಸಿಗೆಯಲ್ಲಿ ಹಳ್ಳಿಗೆ ಹೋಗಿತ್ತು, ಉಣ್ಣೆ ಹತ್ತಿತ್ತು" ಅನ್ನುವುದನ್ನು ಅಲ್ಲಿನ ಡಾಕ್ಟರಿಗೆ ಮೊದಲೇ ಹೇಳಿ.